ಹೊಲದ ಮಣ್ಣು ಹೊಲದಲ್ಲಿ

ಅನ್ನ, ಬಟ್ಟೆ, ವಸತಿ ಇವು ಮಾನವನ ಮೂಲಭೂತ ಅವಶ್ಯಕತೆಗಳು. ಈ ಮೂರೂ ಕಟ್ಟಕಡೆಗೆ ಮಣ್ಣಿನಿಂದಲೇ ದೊರೆಯತಕ್ಕವು. ಊಟದ ರಾಗಿ, ಬಟ್ಟೆಯ ಹತ್ತಿ, ಮನೆಯ ತೊಲೆ ಮತ್ತು ಹೆಂಚು, ಇವುಗಳಲ್ಲಿ ಯಾವುದರ ಮೂಲವನ್ನು ಹುಡುಕುತ್ತ ಹೋದರೂ ಕೊನೆಗೆ ಮುಟ್ಟುವುದು ಮಣ್ಣನ್ನೇ. ಆದರೆ ಭೂಮಿಯ ಮೇಲಿರುವ ಮಣ್ಣೆಲ್ಲವೂ ಬೆಳೆಯನ್ನು ಕೊಡುವುದಿಲ್ಲ. ಬಾವಿ ತೋಡುವುದನ್ನು ನೋಡಿದವರಿಗೆ ಈ ಸಂಗತಿ ತಿಳಿದಿರುತ್ತದೆ. ಎಲ್ಲಕ್ಕಿಂತ ಮೇಲೆ ಒಂದು ಗೇಣಿನಷ್ಟು ದಪ್ಪದ, ಸಡಿಲವಾದ, ತುಸು ಕಪ್ಪು ಛಾಯೆಯ ಮಣ್ಣು, ಅದರ ಕೆಳಗೆ ಗಟ್ಟಿಯಾದ ಕೆಂಪು ಮಣ್ಣು, ಅದರಡಿಯಲ್ಲಿ ಗರಸು, ಅದಕ್ಕೂ ಕೆಳಗೆ ಬಂಡೆ. ಬೆಳೆಯ ಬೇರುಗಳು ಹರಡಿಕೊಂಡು ಆಹಾರವನ್ನು ಹೀರುವುದು ಬಹುಮಟ್ಟಿಗೆ ಆ ಮೊದಲ ಗೇಣಿನಲ್ಲಿಯೇ. ಎಲೆ, ಕಡ್ಡಿ, ಸಗಣಿಗಳು ಕೊಳೆತು ಸೇರಿದ ಸತ್ತ್ವವೂ, ಎರೆಹುಳುಗಳೂ, ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳೂ ಅಲ್ಲಿಯೇ ಇರುತ್ತವೆ. ಇದನ್ನು ಮೇಲ್ಮಣ್ಣು ಎನ್ನುತ್ತಾರೆ. ನಾಡಿನ ಬೇಸಾಯವೆಲ್ಲವೂ ಈ ತೆಳುವಾದ ಹೊದಿಕೆಯನ್ನು ನಂಬಿ ನಿಂತಿದೆ.

ಇಷ್ಟು ತೆಳುವಾದ ಪದರವು ರೂಪುಗೊಳ್ಳಲು ಹಿಡಿಯುವ ಕಾಲವಾದರೋ ಬಹಳ ದೀರ್ಘವಾದುದು. ಹಾಸನ ಜಿಲ್ಲೆಯ ಗೊರೂರಿನ ಸುತ್ತಮುತ್ತ ಇರುವ ಬಂಡೆಗಳು ಕರ್ನಾಟಕದ ಅತ್ಯಂತ ಪ್ರಾಚೀನ ಶಿಲೆಗಳ ಸಾಲಿಗೆ ಸೇರಿದವು. ಅವುಗಳ ವಯಸ್ಸು ಸುಮಾರು 330 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಗಣಿಸಿದ್ದಾರೆ. ಇಂತಹ ಬಂಡೆಗಳು ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಬಿರುಕುಬಿಟ್ಟು, ನೀರಿನಲ್ಲಿ ಕರಗಿ, ಬೇರುಗಳ ಒತ್ತಡಕ್ಕೆ ಒಡೆದು, ಪುಡಿಯಾಗಿ ಮಣ್ಣಾಗುತ್ತವೆ. ಕೇವಲ 2ರಿಂದ 3 ಸೆಂಟಿಮೀಟರ್ ದಪ್ಪದ ಮಣ್ಣು ಸಿದ್ಧವಾಗಲು ಸಾವಿರ ವರ್ಷಗಳೇ ಬೇಕಾಗಬಹುದು. ಹೀಗೆ ಯುಗಯುಗಗಳಲ್ಲಿ ಕೂಡಿಬಂದ ಸಂಪತ್ತು ಒಂದೆರಡು ಜಡಿಮಳೆಗಳಲ್ಲಿ ಕೊಚ್ಚಿಹೋಗಬಲ್ಲದು. ನೀರು ಅಥವಾ ಗಾಳಿಯ ಬಲದಿಂದ ಮೇಲ್ಮಣ್ಣು ತನ್ನ ಸ್ಥಳವನ್ನು ಬಿಟ್ಟು ಸಾಗಿಹೋಗುವುದಕ್ಕೆ ಮಣ್ಣಿನ ಸವಕಳಿ ಎಂದು ಹೆಸರು.

ಕಾಡು ಮತ್ತು ಹುಲ್ಲುಗಾವಲುಗಳಲ್ಲಿಯೂ ಸವಕಳಿಯು ಸ್ವಲ್ಪಮಟ್ಟಿಗೆ ನಡೆದೇ ಇರುತ್ತದೆ. ಆದರೆ ಅಲ್ಲಿ ಹೋಗುವ ಮಣ್ಣಿಗೂ ಹೊಸದಾಗಿ ಹುಟ್ಟುವ ಮಣ್ಣಿಗೂ ಸರಿಹೋಗುತ್ತದೆ. ಮನುಷ್ಯನು ನೆಲದ ಹಸಿರು ಹೊದಿಕೆಯನ್ನು ತೆಗೆದು ಉಳಲು ತೊಡಗಿದಾಗ ಈ ಸಮತೋಲ ತಪ್ಪುತ್ತದೆ. ಆದಾಯಕ್ಕಿಂತ ವೆಚ್ಚ ಹೆಚ್ಚಾದ ಸಂಸಾರದಂತೆ, ಅಂತಹ ಹೊಲವು ವರ್ಷದಿಂದ ವರ್ಷಕ್ಕೆ ಬಡವಾಗುತ್ತ ಹೋಗುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ನೆಲವನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಪಶ್ಚಿಮದಲ್ಲಿ ಸಕಲೇಶಪುರದ ಮಲೆನಾಡು. ಅಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಪೂರ್ವಕ್ಕೆ ಬರಬರುತ್ತ ಮಳೆ ಇಳಿಮುಖವಾಗಿ, ಚನ್ನರಾಯಪಟ್ಟಣದ ಬಯಲುಸೀಮೆಯನ್ನು ಮುಟ್ಟುವ ವೇಳೆಗೆ ಅದು 700 ಮಿಲಿಮೀಟರಿನ ಆಸುಪಾಸಿಗೆ ಬಂದಿರುತ್ತದೆ. ನೆಲವಾದರೋ ಎಲ್ಲಿಯೂ ಪೂರ್ತಿ ಸಮತಟ್ಟಾಗಿಲ್ಲ. ಅಲೆ ಎದ್ದಂತೆ ಏರುತ್ತ ಇಳಿಯುತ್ತ ಸಾಗುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಗೋಮಾಳ ಅಥವಾ ಕುರುಚಲು, ಅದರ ಇಳಿಜಾರಿನಲ್ಲಿ ಕೆಂಪು ಮಣ್ಣಿನ ಹೊಲಗಳು, ತಗ್ಗಿನಲ್ಲಿ ಕೆರೆ, ಕೆರೆಯ ಹಿಂದೆ ಗದ್ದೆ ಮತ್ತು ತೆಂಗಿನ ತೋಟ. ಇದು ಈ ಸೀಮೆಯ ಯಾವ ಊರಿನಲ್ಲಿಯೂ ಕಾಣುವ ನೋಟ. ಇಲ್ಲಿ ಮಳೆ ವರ್ಷವಿಡೀ ಹದವಾಗಿ ಬೀಳುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಗುಡುಗು ಮಿಂಚುಗಳೊಡನೆ ಬಿರುಸಾಗಿ ಸುರಿಯುತ್ತದೆ. ಬೇಸಿಗೆಯಲ್ಲಿ ಬರಿದಾದ, ಆಗತಾನೆ ಉತ್ತು ಸಡಿಲಗೊಂಡ ಹೊಲವು ಆ ಮಳೆಯ ಹೊಡೆತಕ್ಕೆ ಯಾವ ರಕ್ಷಣೆಯೂ ಇಲ್ಲದೆ ಮೈಯೊಡ್ಡಬೇಕಾಗುತ್ತದೆ.

ಸವಕಳಿಯ ಕೆಲಸ ಆರಂಭವಾಗುವುದು ಹರಿಯುವ ನೀರಿನಿಂದಲ್ಲ, ಬೀಳುವ ಹನಿಯಿಂದ. ದೊಡ್ಡದೊಂದು ಮಳೆಹನಿ ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಎಂದರೆ ಗಂಟೆಗೆ 30 ಕಿಲೋಮೀಟರಿಗಿಂತಲೂ ಹೆಚ್ಚು. ಅಮೆರಿಕದ ವಿಜ್ಞಾನಿ ಡಬ್ಲ್ಯು. ಡಿ. ಎಲಿಸನ್ ಎಂಬುವರು 1940ರ ದಶಕದಲ್ಲಿ ಈ ಹನಿಗಳ ಹೊಡೆತವನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಿದರು. ಬರಿಯ ನೆಲಕ್ಕೆ ಅಪ್ಪಳಿಸಿದ ಹನಿ ಮಣ್ಣಿನ ಹೆಂಟೆಯನ್ನು ಒಡೆದು, ಕಣಗಳನ್ನು ಸುತ್ತಲೂ ಚಿಮ್ಮಿಸುತ್ತದೆ. ಮಳೆ ನಿಂತ ಮೇಲೆ ಮನೆಯ ಗೋಡೆಯ ಬುಡದಲ್ಲಿ ಅರ್ಧ ಮೀಟರ್ ಎತ್ತರದವರೆಗೂ ಕಾಣುವ ಕೆಂಪು ಚುಕ್ಕೆಗಳು ಇದಕ್ಕೆ ಸಾಕ್ಷಿ. ಹೀಗೆ ಚಿಮ್ಮಿದ ನಯವಾದ ಕಣಗಳು ನೆಲದ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಆಗ ನೀರು ಒಳಗೆ ಇಂಗಲಾರದೆ ಮೇಲೆಯೇ ಹರಿಯತೊಡಗುತ್ತದೆ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಇದರಲ್ಲಿ ಅರ್ಧವಾದರೂ ಇಳಿಜಾರಿನಲ್ಲಿ ಧಾವಿಸಿದರೆ ಅದರ ಬಲ ಎಷ್ಟೆಂಬುದನ್ನು ಊಹಿಸಬಹುದು. ಹರಿಯುವ ನೀರಿನ ವೇಗ ಎರಡರಷ್ಟಾದರೆ ನೆಲವನ್ನು ಕೊರೆಯುವ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ; ಅದು ಉರುಳಿಸಿಕೊಂಡು ಹೋಗಬಲ್ಲ ಕಲ್ಲಿನ ತೂಕ 64ರಷ್ಟಾಗುತ್ತದೆ. ಆದುದರಿಂದ ನೀರಿನ ವೇಗವನ್ನು ತಗ್ಗಿಸುವುದರಲ್ಲಿಯೇ ಮಣ್ಣಿನ ರಕ್ಷಣೆಯ ಗುಟ್ಟು ಅಡಗಿದೆ.

ಸವಕಳಿಯು ಹಂತಹಂತವಾಗಿ ಮುಂದುವರಿಯುತ್ತದೆ. ಮೊದಲನೆಯದು ಪದರು ಸವಕಳಿ. ಇದರಲ್ಲಿ ಹೊಲದ ಮೇಲ್ಮಣ್ಣು ಎಲ್ಲ ಕಡೆಯೂ ಒಂದೇ ಸಮನಾಗಿ ತೆಳುವಾಗಿ ಹೋಗುವುದರಿಂದ ಅದು ಕಣ್ಣಿಗೆ ಬೀಳುವುದೇ ಇಲ್ಲ. ಹೊಲದಲ್ಲಿ ವರ್ಷ ವರ್ಷಕ್ಕೂ ಕಲ್ಲು ಹೆಚ್ಚುತ್ತಿದೆಯೆಂದು ರೈತರು ಹೇಳುವುದುಂಟು. ಕಲ್ಲುಗಳು ಹೆಚ್ಚಾದುದಲ್ಲ, ಅವುಗಳನ್ನು ಮುಚ್ಚಿದ್ದ ಮಣ್ಣು ಕಡಮೆಯಾದುದು. ಮರದ ಬೇರುಗಳು ಹೊರಗೆ ಕಾಣುವುದು, ಎಲ್ಲೆಯ ಕಲ್ಲು ಮೊದಲಿಗಿಂತ ಎತ್ತರವಾಗಿ ತೋರುವುದು ಇದೇ ಕಾರಣದಿಂದ. ಎರಡನೆಯ ಹಂತದಲ್ಲಿ ಹರಿಯುವ ನೀರು ಅಲ್ಲಲ್ಲಿ ಕೂಡಿಕೊಂಡು ಬೆರಳಗಲದ, ಕೈಯಗಲದ ಕಿರುಗಾಲುವೆಗಳನ್ನು ತೋಡುತ್ತದೆ. ಉಳುಮೆ ಮಾಡಿದಾಗ ಇವು ಮುಚ್ಚಿಹೋಗುತ್ತವೆ. ಆದರೆ ಹೋದ ಮಣ್ಣು ಹಿಂದಿರುಗುವುದಿಲ್ಲ. ಮೂರನೆಯ ಹಂತದಲ್ಲಿ ಕಿರುಗಾಲುವೆಗಳು ಒಂದಾಗಿ ಆಳವಾದ ಕೊರಕಲುಗಳಾಗುತ್ತವೆ. ಆಗ ನೇಗಿಲು ದಾಟುವುದೂ ಅಸಾಧ್ಯವಾಗಿ ಒಂದು ಹೊಲ ಎರಡು ಹೋಳಾಗುತ್ತದೆ. ಹನಿಗೂಡಿದರೆ ಹಳ್ಳವೆಂಬ ನಾಣ್ಣುಡಿ ಇಲ್ಲಿ ವಿಪರೀತಾರ್ಥದಲ್ಲಿ ನಿಜವಾಗುತ್ತದೆ. ಇನ್ನು, ಹೊಳೆನರಸೀಪುರದ ಪಕ್ಕದಲ್ಲಿ ಹರಿಯುವ ಹೇಮಾವತಿ, ಅರಕಲಗೂಡು ತಾಲ್ಲೂಕಿನ ಕೊಣನೂರು ಮತ್ತು ರಾಮನಾಥಪುರಗಳನ್ನು ಮುಟ್ಟಿಕೊಂಡು ಹೋಗುವ ಕಾವೇರಿ, ಇಂತಹ ನದಿಗಳ ಅಂಚಿನಲ್ಲಿ ದಡ ಸವಕಳಿಯೂ ಉಂಟು. ದಡದ ಹೊಂಗೆ, ಹೊಳೆಮತ್ತಿ ಮರಗಳನ್ನು ಕಡಿದಲ್ಲಿ ಮತ್ತು ಮಿತಿಮೀರಿ ಮರಳನ್ನು ತೆಗೆದಲ್ಲಿ ಪ್ರವಾಹವು ದಡವನ್ನು ಬುಡದಿಂದ ಕೊರೆದು ಕೆಡವುತ್ತದೆ.

ಈ ಸೀಮೆಯಲ್ಲಿ ಸವಕಳಿ ಹೆಚ್ಚಲು ಬೆಳೆಯ ಪದ್ಧತಿಯೂ ಒಂದು ಕಾರಣ. ಹಾಸನದ ಆಲೂಗಡ್ಡೆ ನಾಡಿನಲ್ಲೆಲ್ಲ ಹೆಸರಾದುದು. ದೇಶದ ಬಹುಭಾಗದಲ್ಲಿ ಆಲೂಗಡ್ಡೆಯು ಚಳಿಗಾಲದ ಬೆಳೆಯಾದರೆ ಇಲ್ಲಿ ಅದು ಮಳೆಗಾಲದ ಬೆಳೆ. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆಯ ಗಡ್ಡೆಯನ್ನು ಮುಂಗಾರಿನ ಮೊದಲ ಮಳೆಗಳ ಹದಕ್ಕೆ ಕೆಂಪು ಮಣ್ಣಿನ ಹೊಲಗಳಲ್ಲಿ ಸಾಲುಹಿಡಿದು ನೆಡುತ್ತಾರೆ. ಗಿಡ ಬೆಳೆದು ನೆಲವನ್ನು ಮುಚ್ಚುವವರೆಗೂ ಹೊಲವು ಬಯಲಾಗಿಯೇ ಇರುತ್ತದೆ. ಅನಂತರ ಗಿಡದ ಬುಡಕ್ಕೆ ಮಣ್ಣು ಏರಿಸುವಾಗ ನೆಲವು ಮತ್ತೊಮ್ಮೆ ಸಡಿಲವಾಗುತ್ತದೆ. ಗಡ್ಡೆ ಅಗೆಯುವಾಗ ಇನ್ನೊಮ್ಮೆ. ಇದೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅನೇಕ ಹೊಲಗಳಲ್ಲಿ ಸಾಲುಗಳು ಮೇಲಿನಿಂದ ಕೆಳಕ್ಕೆ, ಇಳಿಜಾರಿನ ದಿಕ್ಕಿಗೇ ಇರುತ್ತವೆ. ಎರಡು ಸಾಲುಗಳ ನಡುವಿನ ತಗ್ಗು ಆಗ ನೀರಿಗೆ ತೋಡಿಕೊಟ್ಟ ಕಾಲುವೆಯಾಗುತ್ತದೆ.

ರೈತನು ಇದನ್ನು ಅರಿಯದೆ ಮಾಡುತ್ತಾನೆಂದು ಭಾವಿಸಕೂಡದು. ಅದಕ್ಕೆ ಅವನದೇ ಆದ ಕಾರಣಗಳಿವೆ. ಆಲೂಗಡ್ಡೆಯ ಬುಡದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ; ಸಾಲಿನ ನೀರು ಬೇಗನೆ ಹರಿದುಹೋಗಲಿ ಎಂಬುದು ಅವನ ಆಶಯ. ಶುಂಠಿಯ ಮಡಿಗಳ ವಿಷಯವೂ ಇದೇ. ಅಲ್ಲದೆ ತಂದೆಯ ಹೊಲವನ್ನು ಮಕ್ಕಳು ಹಂಚಿಕೊಳ್ಳುವಾಗ ಮೇಲಿನ ತೆಳುಮಣ್ಣೂ ಕೆಳಗಿನ ಫಲವತ್ತಾದ ಮಣ್ಣೂ ಎಲ್ಲರಿಗೂ ಸಮನಾಗಿ ಬರಲೆಂದು ದಿಣ್ಣೆಯಿಂದ ತಗ್ಗಿನವರೆಗೆ ಉದ್ದುದ್ದವಾಗಿ ಸೀಳುವುದುಂಟು. ಅಂತಹ ಕಿರಿದಾದ ಪಟ್ಟಿಯಲ್ಲಿ ಅಡ್ಡಲಾಗಿ ಉಳಲು ಎತ್ತುಗಳನ್ನು ಹೆಜ್ಜೆಹೆಜ್ಜೆಗೂ ತಿರುಗಿಸಬೇಕಾಗುತ್ತದೆ. ಟ್ರ್ಯಾಕ್ಟರಿಗಂತೂ ಅದು ಇನ್ನೂ ಕಷ್ಟ. ನ್ಯಾಯವಾದ ಹಂಚಿಕೆಯೇ ಮಣ್ಣಿಗೆ ಮುಳುವಾಗುವ ಸನ್ನಿವೇಶವಿದು. ಆದುದರಿಂದ ಸವಕಳಿಯನ್ನು ತಡೆಯುವ ಯಾವ ಉಪಾಯವಾದರೂ ರೈತನ ಈ ತೊಡಕುಗಳಿಗೆ ಉತ್ತರ ಹೇಳುವಂತಿರಬೇಕು.

ಇತರ ಕಾರಣಗಳೂ ಇಲ್ಲದಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ತಂಬಾಕು ಮುಖ್ಯವಾದ ವಾಣಿಜ್ಯ ಬೆಳೆ. ಅದು ಕೂಡ ದೂರದೂರದ ಸಾಲುಗಳ ಬೆಳೆಯಾದುದರಿಂದ ಮಳೆಯ ಮೊದಲ ವಾರಗಳಲ್ಲಿ ನೆಲವನ್ನು ಮುಚ್ಚಲಾರದು. ಎಲೆಯನ್ನು ಹದಗೊಳಿಸುವ ಬ್ಯಾರನ್‌ಗಳಿಗೆ ಸೌದೆ ಬೇಕಾಗಿ ಮರಗಳೂ ಕಡಮೆಯಾಗುತ್ತವೆ. ಚನ್ನರಾಯಪಟ್ಟಣದ ಕಡೆ ದಿಣ್ಣೆಯ ಮೇಲಿನ ಗೋಮಾಳಗಳಲ್ಲಿ ದನ, ಕುರಿ, ಮೇಕೆಗಳು ಅಳತೆಮೀರಿ ಮೇದು ಹುಲ್ಲಿನ ಬೇರೂ ಉಳಿಯದಂತಾದರೆ, ಬೋಳಾದ ನೆತ್ತಿಯಿಂದ ಇಳಿಯುವ ನೀರು ಕೆಳಗಿನ ಹೊಲಗಳನ್ನು ಕೊರೆಯುತ್ತದೆ.

ಹೊಲವನ್ನು ಬಿಟ್ಟ ಮಣ್ಣು ಎಲ್ಲಿಗೆ ಹೋಗುತ್ತದೆ? ಅದರ ಮೊದಲ ತಂಗುದಾಣ ಊರಿನ ಕೆರೆ. ಹಾಸನ ಸೀಮೆಯನ್ನು ಆಳಿದ ಹೊಯ್ಸಳರ ಕಾಲದಲ್ಲಿ ಕೆರೆ ಕಟ್ಟಿಸುವುದು ದೊಡ್ಡ ಪುಣ್ಯಕಾರ್ಯವೆನಿಸಿತ್ತು. ಕಟ್ಟಿಸಿದರೆ ಸಾಲದು, ಅದನ್ನು ಕಾಪಾಡಬೇಕೆಂಬುದನ್ನೂ ಅಂದಿನವರು ಅರಿತಿದ್ದರು. ಕೆರೆಯ ರಕ್ಷಣೆಗಾಗಿ ಬಿಟ್ಟ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಮುಂತಾದ ದತ್ತಿಗಳನ್ನು ಶಾಸನಗಳು ಹೆಸರಿಸುತ್ತವೆ. ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲುವುದು ಕಡಮೆ. ಅದರ ಹಿಂದಿನ ಗದ್ದೆಗೆ ದೊರೆಯುವುದೂ ಕಡಮೆ. ಸುತ್ತಲಿನ ಬಾವಿಗಳಿಗೆ ಇಂಗುವುದೂ ಕಡಮೆ. ಹೀಗೆ ದಿಣ್ಣೆಯ ಹೊಲದವನು ಕಳೆದುಕೊಂಡ ಮಣ್ಣು ತಗ್ಗಿನ ಗದ್ದೆಯವನಿಗೂ ನಷ್ಟವನ್ನೇ ತರುತ್ತದೆ.

ಕೆರೆಯ ಕೋಡಿಯನ್ನು ದಾಟಿದ ಮಣ್ಣು ಹಳ್ಳದ ಮೂಲಕ ನದಿಯನ್ನು ಸೇರುತ್ತದೆ. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಸುಮಾರು 2,810 ಚದರ ಕಿಲೋಮೀಟರ್ ಪ್ರದೇಶದ ಮಳೆನೀರು ಅದಕ್ಕೆ ಹರಿದುಬರುತ್ತದೆ. ಅದರ ಜಲಾಶಯದ ಸಾಮರ್ಥ್ಯ 37 ಟಿ.ಎಂ.ಸಿ. ಅಡಿಗಳಿಗಿಂತ ತುಸು ಹೆಚ್ಚು. ಗೊರೂರಿನಿಂದ ಕೆಳಗೆ ಹೊಳೆನರಸೀಪುರವನ್ನು ದಾಟಿದ ನದಿಯು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಕೂಡುತ್ತದೆ. ಮೇಲಿನ ಹೊಲಗಳಿಂದ ಬಂದ ಮಣ್ಣು ಇಂತಹ ಜಲಾಶಯಗಳ ತಳದಲ್ಲಿ ನೆಲೆನಿಂತಷ್ಟೂ ನೀರಿನ ಸ್ಥಳ ಕುಗ್ಗುತ್ತದೆ. ಕೆರೆಯ ಹೂಳನ್ನು ಗಾಡಿಗಳಲ್ಲಿ ತೆಗೆಯಬಹುದು. ಮಹಾಜಲಾಶಯದ ಹೂಳನ್ನು ತೆಗೆಯುವುದು ಸುಲಭಸಾಧ್ಯವಲ್ಲ.

ಇಡೀ ಭಾರತದಲ್ಲಿ ಆಗುತ್ತಿರುವ ನಷ್ಟವನ್ನು ಧ್ರುವನಾರಾಯಣ ಮತ್ತು ರಾಂಬಾಬು ಎಂಬ ವಿಜ್ಞಾನಿಗಳು 1983ರಲ್ಲಿ ಅಂದಾಜು ಮಾಡಿದರು. ಅವರ ಲೆಕ್ಕದಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 533 ಕೋಟಿ ಟನ್ ಮಣ್ಣು ತನ್ನ ಸ್ಥಳದಿಂದ ಕದಲುತ್ತಿತ್ತು. ಇದರಲ್ಲಿ ಶೇಕಡ 29ರಷ್ಟು ಸಮುದ್ರದ ಪಾಲು, ಶೇಕಡ 10ರಷ್ಟು ಜಲಾಶಯಗಳ ಪಾಲು. ಉಳಿದುದು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವಂತಹದು. ಸರಾಸರಿ ತೆಗೆದರೆ ಒಂದು ಹೆಕ್ಟೇರಿಗೆ ವರ್ಷಕ್ಕೆ 16 ಟನ್ನಿಗಿಂತ ಹೆಚ್ಚು. ಹೊಲದ ಮೇಲೆ ಹರಡಿದರೆ ಇದರ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಾದೀತು, ಅಷ್ಟೆ. ಒಂದು ಮಿಲಿಮೀಟರ್ ಯಾರ ಕಣ್ಣಿಗೂ ಬೀಳುವಂತಹದಲ್ಲ. ಆದರೆ 15 ಸೆಂಟಿಮೀಟರ್ ಮೇಲ್ಮಣ್ಣು ಈ ವೇಗದಲ್ಲಿ ಕಳೆದುಹೋದರೆ ಸುಮಾರು 130 ವರ್ಷಗಳಲ್ಲಿ, ಎಂದರೆ ನಾಲ್ಕೈದು ತಲೆಮಾರುಗಳಲ್ಲಿ, ಹೊಲದಲ್ಲಿ ಗಟ್ಟಿಮಣ್ಣು ಮತ್ತು ಗರಸು ಮಾತ್ರ ಉಳಿದಾವು.

ಈ ನಷ್ಟವನ್ನು ತಡೆಯುವ ಬಗೆ ಹೇಗೆ? ಓಡುವ ನೀರನ್ನು ನಡೆಯುವಂತೆ ಮಾಡಬೇಕು. ನಡೆಯುವ ನೀರನ್ನು ನಿಲ್ಲುವಂತೆ ಮಾಡಬೇಕು. ನಿಂತ ನೀರನ್ನು ಇಂಗುವಂತೆ ಮಾಡಬೇಕು. ಎಲ್ಲ ಉಪಾಯಗಳ ಸಾರವೂ ಇದೇ.

ಇವುಗಳಲ್ಲಿ ಮೊದಲನೆಯದು, ಹೆಚ್ಚಿನ ಖರ್ಚಿಲ್ಲದುದು, ಇಳಿಜಾರಿಗೆ ಅಡ್ಡಲಾಗಿ ಉಳುವುದು ಮತ್ತು ಬಿತ್ತುವುದು. ಹೊಲದಲ್ಲಿ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುತ್ತ ಹೋದರೆ ದೊರೆಯುವ ಗೆರೆಗೆ ಸಮಪಾತಳಿ ರೇಖೆ ಎಂದು ಹೆಸರು. ಈ ಗೆರೆಯ ಗುಂಟ ನೇಗಿಲು ಸಾಗಿದರೆ ಒಂದೊಂದು ಸಾಲೂ ಒಂದೊಂದು ಪುಟ್ಟ ಬದುವಾಗಿ ನೀರನ್ನು ಹಿಡಿದು ನಿಲ್ಲಿಸುತ್ತದೆ. ಗೆರೆಯನ್ನು ಗುರುತಿಸಲು ಬೆಲೆಬಾಳುವ ಉಪಕರಣ ಬೇಡ. ಸಮನಾದ ಎರಡು ಗಳುಗಳನ್ನು ತುದಿಯಲ್ಲಿ ಕೂಡಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿಯನ್ನು ಬಿಗಿಯಬೇಕು. ತುದಿಯಿಂದ ದಾರದಲ್ಲಿ ಒಂದು ಕಲ್ಲನ್ನು ಇಳಿಬಿಡಬೇಕು. ಈ ಚೌಕಟ್ಟನ್ನು ನೆಲದ ಮೇಲೆ ನಿಲ್ಲಿಸಿ, ದಾರವು ಅಡ್ಡಪಟ್ಟಿಯನ್ನು ಮುಟ್ಟುವ ಸ್ಥಳವನ್ನು ಗುರುತು ಹಾಕಿ, ಅನಂತರ ಎರಡು ಕಾಲುಗಳ ಸ್ಥಾನವನ್ನು ಅದಲುಬದಲು ಮಾಡಿ ಮತ್ತೊಂದು ಗುರುತು ಹಾಕಬೇಕು. ಎರಡು ಗುರುತುಗಳ ನಟ್ಟನಡುವೆ ದಾರ ನಿಂತಾಗ ಎರಡು ಕಾಲುಗಳೂ ಒಂದೇ ಎತ್ತರದಲ್ಲಿರುತ್ತವೆ. ಹೀಗೆ ಹೆಜ್ಜೆಹೆಜ್ಜೆಯಾಗಿ ಚೌಕಟ್ಟನ್ನು ಮುಂದಕ್ಕೆ ತಿರುಗಿಸುತ್ತ, ಕಾಲು ಊರಿದಲ್ಲೆಲ್ಲ ಗೂಟ ಹೊಡೆಯುತ್ತ ಹೋದರೆ ಇಡೀ ಹೊಲದ ಸಮಪಾತಳಿ ರೇಖೆ ಸಿದ್ಧವಾಗುತ್ತದೆ. ಶಾಲೆಯ ವಿದ್ಯಾರ್ಥಿಗಳೂ ಒಂದು ಬೆಳಗಿನಲ್ಲಿ ಮಾಡಬಹುದಾದ ಕೆಲಸವಿದು.

ಆಲೂಗಡ್ಡೆ ಬೆಳೆಯುವ ರೈತನ ತೊಡಕಿಗೂ ಇದರಲ್ಲಿಯೇ ಪರಿಹಾರವಿದೆ. ಅವನು ಸಾಲನ್ನು ಪೂರ್ತಿ ಮಟ್ಟವಾಗಿ ಇಡಬೇಕಾಗಿಲ್ಲ. ಇಳಿಜಾರಿಗೆ ಅಡ್ಡಲಾಗಿಯೇ ಇಟ್ಟು, 100 ಮೀಟರ್ ಉದ್ದಕ್ಕೆ 20ರಿಂದ 40 ಸೆಂಟಿಮೀಟರಿನಷ್ಟು ಮಾತ್ರ ಒಂದು ಪಕ್ಕಕ್ಕೆ ವಾಲಿಸಿದರೆ ಸಾಕು. ಹೆಚ್ಚಾದ ನೀರು ಗಡ್ಡೆಯ ಬುಡದಲ್ಲಿ ನಿಲ್ಲದೆ, ಮಣ್ಣನ್ನೂ ಕೊರೆಯದೆ, ಮೆಲ್ಲನೆ ಪಕ್ಕಕ್ಕೆ ಸರಿದುಹೋಗುತ್ತದೆ. ಹಾಗೆ ಬಂದ ನೀರನ್ನು ಕೆಳಕ್ಕೆ ಇಳಿಸಲು ಹೊಲದ ಅಂಚಿನಲ್ಲಿ ಅಗಲವಾದ, ಆಳವಿಲ್ಲದ ಕಾಲುವೆಯೊಂದನ್ನು ಮಾಡಿ ಅದರಲ್ಲಿ ಗರಿಕೆಹುಲ್ಲನ್ನು ಬೆಳೆಸಬೇಕು. ಹುಲ್ಲಿನ ಮೇಲೆ ಹರಿಯುವ ನೀರಿಗೆ ನೆಲವನ್ನು ಕೊರೆಯುವ ಶಕ್ತಿ ಇರುವುದಿಲ್ಲ. ಕೊನೆಗೆ ಒಂದು ಕೃಷಿಹೊಂಡಕ್ಕೆ ಆ ನೀರನ್ನು ತಿರುಗಿಸಿದರೆ ಮಳೆ ಕೈಕೊಟ್ಟ ದಿನಗಳಲ್ಲಿ ಬೆಳೆಗೆ ಆಸರೆಯಾಗುತ್ತದೆ. ಹೊಂಡದಲ್ಲಿ ನಿಂತ ಮಣ್ಣನ್ನು ಹೊಲಕ್ಕೆ ಮರಳಿಸಲೂ ಬಹುದು.

ಎರಡನೆಯ ಉಪಾಯ ನೆಲವನ್ನು ಬರಿದಾಗಿ ಬಿಡದಿರುವುದು. ಹಸಿರು ಎಲೆಯ ಮೇಲೆ ಬಿದ್ದ ಹನಿ ತನ್ನ ಬಿರುಸನ್ನು ಕಳೆದುಕೊಂಡು ನೆಲಕ್ಕೆ ಇಳಿಯುತ್ತದೆ. ಹಳೆಯ ಮೈಸೂರು ಸೀಮೆಯ ಹಿರಿಯರು ರಾಗಿಯ ಹೊಲದಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲುಗಳನ್ನು ಇಡುತ್ತಿದ್ದುದರಲ್ಲಿ ಬಹಳ ವಿವೇಕವಿತ್ತು. ಒಂದು ಬೆಳೆ ಹೋದರೆ ಇನ್ನೊಂದು ಕೈಗೆ ಬರುತ್ತಿತ್ತು. ರಾಗಿ ಕೊಯ್ದ ಮೇಲೆಯೂ ಅವರೆ, ತೊಗರಿಗಳು ನಿಂತು ನೆಲಕ್ಕೆ ನೆರಳಾಗುತ್ತಿದ್ದುವು. ದ್ವಿದಳ ಧಾನ್ಯಗಳ ಬೇರು ಮಣ್ಣಿಗೆ ಸಾರಜನಕವನ್ನು ಸೇರಿಸುತ್ತಿತ್ತು. ನೆಲಕ್ಕೆ ಅಂಟಿ ಹಬ್ಬುವ ಹುರುಳಿ, ಅಲಸಂದೆಗಳೂ ಒಳ್ಳೆಯ ಹೊದಿಕೆ ಬೆಳೆಗಳು. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಮರಗಳ ನಡುವಿನ ಜಾಗದಲ್ಲಿ ಸೆಣಬನ್ನು ಬೆಳೆದು ಮಣ್ಣಿಗೆ ಸೇರಿಸಬಹುದು. ಗರಿ ಮತ್ತು ಮಟ್ಟೆಗಳನ್ನು ಸುಡದೆ ನೆಲಕ್ಕೆ ಹೊದಿಸಬಹುದು. ಕೊಟ್ಟಿಗೆ ಗೊಬ್ಬರ ಮತ್ತು ಹಸಿರೆಲೆ ಗೊಬ್ಬರಗಳು ಬೆಳೆಗೆ ಆಹಾರವಾಗುವುದಷ್ಟೇ ಅಲ್ಲ, ಮಣ್ಣಿನ ಕಣಗಳನ್ನು ಬೆಸೆದು ನೀರನ್ನು ಹೀರುವ ಗುಣವನ್ನೂ ಹೆಚ್ಚಿಸುತ್ತವೆ. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ಪದ್ಧತಿಯಂತೂ ಕಳೆದುಹೋದ ಮೇಲ್ಮಣ್ಣನ್ನು ಮತ್ತೆ ಮನೆಗೆ ಕರೆತಂದಂತೆ. ಅದರಿಂದ ಕೆರೆಗೂ ಲಾಭ, ಹೊಲಕ್ಕೂ ಲಾಭ.

ಮೂರನೆಯದು ಬದು ನಿರ್ಮಾಣ. ಇಳಿಜಾರು ಉದ್ದವಾದಷ್ಟೂ ನೀರಿನ ವೇಗ ಏರುವುದರಿಂದ, ನಡುನಡುವೆ ಬದುಗಳನ್ನು ಹಾಕಿ ಉದ್ದವನ್ನು ತುಂಡರಿಸಬೇಕು. ಮಳೆ ಕಡಮೆಯಿರುವ ಚನ್ನರಾಯಪಟ್ಟಣದಂತಹ ಕಡೆ ನೀರನ್ನು ತಡೆದು ನಿಲ್ಲಿಸುವ ಸಮಪಾತಳಿ ಬದುಗಳೂ, ಮಳೆ ಹೆಚ್ಚಿರುವ ಕಡೆ ನೀರನ್ನು ಮೆಲ್ಲನೆ ಹೊರಗೆ ಸಾಗಿಸುವ ಇಳಿಜಾರಿನ ಬದುಗಳೂ ತಕ್ಕವು. ಮಣ್ಣಿನ ಬದು ಹಾಕಿದೊಡನೆ ಕೆಲಸ ಮುಗಿಯಲಿಲ್ಲ. ಇಲಿ ಹೆಗ್ಗಣಗಳ ಬಿಲದಿಂದ, ದನಗಳ ಓಡಾಟದಿಂದ ಅದು ಎಲ್ಲಿಯಾದರೂ ಒಡೆದರೆ, ಕೂಡಿನಿಂತ ನೀರೆಲ್ಲ ಆ ಒಂದೇ ಬಾಯಿಯಿಂದ ನುಗ್ಗಿ ಕೊರಕಲನ್ನೇ ಮಾಡಿಬಿಡುತ್ತದೆ. ಆದುದರಿಂದ ಬದುವಿನ ಮೇಲೆ ಹುಲ್ಲು, ಗೊಬ್ಬರದ ಗಿಡ, ಹೆಬ್ಬೇವು ಮುಂತಾದವನ್ನು ನೆಟ್ಟು ಅದನ್ನು ಭದ್ರಪಡಿಸಬೇಕು. ಈ ಕೆಲಸಕ್ಕೆ ಲಾವಂಚವು ಬಹು ಶ್ರೇಷ್ಠವಾದ ಹುಲ್ಲು. ಅದರ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಮೂರು ಮೀಟರಿನವರೆಗೂ ಇಳಿಯಬಲ್ಲುದು; ಬಲಿತ ಗರಿಯನ್ನು ದನಗಳು ಅಷ್ಟಾಗಿ ಮೇಯುವುದಿಲ್ಲ. ಒಂದಕ್ಕೊಂದು ಒತ್ತಾಗಿ ನೆಟ್ಟರೆ ಅದು ಜೀವಂತ ಗೋಡೆಯಂತೆ ನಿಂತು, ನೀರನ್ನು ಸೋಸಿ ಬಿಟ್ಟು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಗುಂಡ್ಲುಪೇಟೆ ಸೀಮೆಯ ರೈತರು ಹೊಲಗಳ ಎಲ್ಲೆಯಲ್ಲಿ ಲಾವಂಚದ ಸಾಲುಗಳನ್ನು ತಲೆಮಾರುಗಳಿಂದ ಬೆಳೆಸಿಕೊಂಡು ಬಂದುದನ್ನು ಕಂಡ ವಿದೇಶೀ ತಜ್ಞರು ಅದನ್ನು ಇತರ ದೇಶಗಳಿಗೂ ಪರಿಚಯಿಸಿದರು.

ಈಗಾಗಲೇ ಕೊರಕಲು ಬಿದ್ದಿದ್ದರೆ ಅದನ್ನು ಬಾಯಿಯಲ್ಲಿ ಮುಚ್ಚಿದರೆ ಪ್ರಯೋಜನವಿಲ್ಲ. ಮೇಲಿನಿಂದ ಕೆಳಕ್ಕೆ ಅಲ್ಲಲ್ಲಿ ಕಲ್ಲಿನ ಅಥವಾ ಕೊಂಬೆಗಳ ತಡೆಗಳನ್ನು ಕಟ್ಟುತ್ತ ಬರಬೇಕು. ಹೊಲದಲ್ಲಿ ಆಯ್ದು ರಾಶಿ ಹಾಕಿದ ಕಲ್ಲುಗಳೇ ಇದಕ್ಕೆ ಸಾಕು. ಪ್ರತಿ ತಡೆಯ ಹಿಂದೆಯೂ ಮಣ್ಣು ಕೂಡುತ್ತ ಬಂದು ಕೊರಕಲು ಕ್ರಮೇಣ ಮೆಟ್ಟಿಲುಮೆಟ್ಟಿಲಾಗಿ ತುಂಬುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಮರಗಳನ್ನು ಬೆಳೆಸಿ ಕೆಲವು ಕಾಲ ದನಗಳನ್ನು ಬಿಡದೆ ಕಾದರೆ ಹುಲ್ಲು ತಾನಾಗಿಯೇ ಚಿಗುರುತ್ತದೆ. ನದೀತೀರದ ರೈತರು ದಡದ ಮರಗಳನ್ನು ಉಳಿಸಿಕೊಳ್ಳಬೇಕು.

ಇಷ್ಟೆಲ್ಲ ಉಪಾಯಗಳಿದ್ದರೂ ಒಬ್ಬನೇ ರೈತನಿಂದ ಮಣ್ಣು ಪೂರ್ತಿಯಾಗಿ ಉಳಿಯಲಾರದು. ನೀರಿಗೆ ಸರ್ವೆ ನಂಬರಿನ ಎಲ್ಲೆ ತಿಳಿಯದು. ಮೇಲಿನ ಹೊಲದವನು ಬದು ಹಾಕದಿದ್ದರೆ ಕೆಳಗಿನವನು ಹಾಕಿದ ಬದು ಒಂದೇ ಮಳೆಗೆ ಒಡೆಯುತ್ತದೆ. ಬದುವಿಗೆ ಸ್ವಲ್ಪ ನೆಲ ಹೋಗುತ್ತದೆಯೆಂದು ಒಬ್ಬನು ಹಿಂದೆಗೆದರೆ ಸಾಲಿನಲ್ಲಿ ಬಿರುಕು ಉಂಟಾಗುತ್ತದೆ. ಉದ್ದುದ್ದವಾದ ಪಟ್ಟಿಗಳಲ್ಲಿಯಂತೂ ಅಕ್ಕಪಕ್ಕದ ದಾಯಾದಿಗಳು ಒಪ್ಪಿ, ಎಲ್ಲರ ಪಟ್ಟಿಗಳನ್ನೂ ದಾಟಿಕೊಂಡು ಹೋಗುವ ಒಂದೇ ಬದುವನ್ನು ಹಾಕಿದಾಗ ಮಾತ್ರ ಫಲ ದೊರೆಯುತ್ತದೆ. ಆದುದರಿಂದಲೇ ದಿಣ್ಣೆಯ ನೆತ್ತಿಯಿಂದ ಹಳ್ಳದವರೆಗಿನ ಪ್ರದೇಶವನ್ನು ‘ಜಲಾನಯನ’ ಎಂಬ ಒಂದೇ ಘಟಕವಾಗಿ ಭಾವಿಸಿ, ಕೆಲಸವನ್ನು ಮೇಲಿನಿಂದ ಕೆಳಕ್ಕೆ ನಡೆಸಬೇಕೆಂಬ ವಿಚಾರ ಬಲವಾಯಿತು. ಮಣ್ಣು ಮತ್ತು ನೀರಿನ ಸಂರಕ್ಷಣೆಯ ಸಂಶೋಧನೆಗಾಗಿ 1954ರಲ್ಲಿ ಬಳ್ಳಾರಿಯಲ್ಲಿ ಕೇಂದ್ರ ಸರ್ಕಾರದ ಕೇಂದ್ರವೊಂದು ಸ್ಥಾಪನೆಯಾಯಿತು. 1980ರ ದಶಕದಲ್ಲಿ ಕನಕಪುರದ ಕಡೆಯ ಕಬ್ಬಾಳನಾಲಾ ಪ್ರದೇಶದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಾನಯನ ಯೋಜನೆ ಪ್ರಾರಂಭವಾಯಿತು. 2000ದಲ್ಲಿ ಕರ್ನಾಟಕದಲ್ಲಿ ಜಲಾನಯನ ಅಭಿವೃದ್ಧಿಗೆಂದೇ ಪ್ರತ್ಯೇಕ ಇಲಾಖೆ ರಚಿತವಾಯಿತು. 2005ರ ಉದ್ಯೋಗ ಖಾತರಿ ಕಾಯಿದೆಯ ಅಡಿಯಲ್ಲಿ ಹಳ್ಳಿಗಳಲ್ಲಿ ಬದು, ಕೃಷಿಹೊಂಡಗಳ ಕೆಲಸಗಳು ನಡೆದುವು. ಹಾಸನದ ರೈತರಿಗೆ ಕಾರೆಕೆರೆಯ ಕೃಷಿ ಕಾಲೇಜು, ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಹೋಬಳಿಗಳ ರೈತ ಸಂಪರ್ಕ ಕೇಂದ್ರಗಳು ಸಲಹೆ ನೀಡುತ್ತವೆ.

ಸಕಾಲದಲ್ಲಿ ಎಚ್ಚರಗೊಳ್ಳದಿದ್ದರೆ ಏನಾಗುವುದೆಂಬುದಕ್ಕೆ ಅಮೆರಿಕ ಒಂದು ನಿದರ್ಶನ. ಅಲ್ಲಿನ ವಿಶಾಲವಾದ ಹುಲ್ಲುಗಾವಲುಗಳನ್ನು ಉತ್ತು ಗೋಧಿ ಬೆಳೆದರು. 1930ರ ದಶಕದಲ್ಲಿ ಬರಗಾಲ ಬಂದಾಗ ಬೇರಿನ ಹಿಡಿತ ತಪ್ಪಿದ ಮಣ್ಣು ಗಾಳಿಗೆ ಎದ್ದು, ಹಗಲನ್ನೇ ಕತ್ತಲಾಗಿಸಿತು. ಲಕ್ಷಾಂತರ ಜನ ಊರು ಬಿಟ್ಟರು. ಹ್ಯೂ ಬೆನೆಟ್ ಎಂಬ ಮಣ್ಣುವಿಜ್ಞಾನಿಯ ಸತತ ಪ್ರಯತ್ನದಿಂದ 1935ರಲ್ಲಿ ಆ ದೇಶವು ಮಣ್ಣಿನ ಸಂರಕ್ಷಣೆಗೆ ಶಾಸನವನ್ನೇ ಮಾಡಬೇಕಾಯಿತು. ಅಲ್ಲಿಯೂ ರೈತರು ನೆರೆಹೊರೆಯವರೊಡನೆ ಸಂಘಟಿತರಾದ ಮೇಲೆಯೇ ನೆಲವು ಚೇತರಿಸಿಕೊಂಡಿತು.

ಕಳೆದುಹೋದ ಹಣವನ್ನು ಮತ್ತೆ ಗಳಿಸಬಹುದು. ಒಣಗಿದ ಬೆಳೆಯನ್ನು ಮರುವರ್ಷ ಮತ್ತೆ ಬಿತ್ತಬಹುದು. ಒಮ್ಮೆ ಹೊಲವನ್ನು ಬಿಟ್ಟುಹೋದ ಮೇಲ್ಮಣ್ಣನ್ನು ಮನುಷ್ಯನ ಒಂದು ಜೀವಮಾನದಲ್ಲಿ ಮತ್ತೆ ಸೃಷ್ಟಿಸಲಾಗದು. ಅದು ತಾತನಿಂದ ತಂದೆಗೆ, ತಂದೆಯಿಂದ ಮಗನಿಗೆ ಬಂದ ಆಸ್ತಿ ಮಾತ್ರವಲ್ಲ, ಇನ್ನೂ ಹುಟ್ಟದವರಿಗೆ ಸಲ್ಲಬೇಕಾದ ಸಾಲವೂ ಹೌದು. ಮುಂಗಾರಿನ ಮೊದಲ ಮಳೆಗೆ ಹಳ್ಳದಲ್ಲಿ ಕೆಂಪು ನೀರು ಬಂದರೆ ಊರಿನ ಮಣ್ಣು ಹೋಗುತ್ತಿದೆಯೆಂದೂ, ತಿಳಿನೀರು ಬಂದರೆ ಊರಿನವರು ಎಚ್ಚರವಾಗಿದ್ದಾರೆಂದೂ ತಿಳಿಯಬೇಕು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಮಣ್ಣಿನ ಸವಕಳಿ ಎಂದರೇನು?
2. ಸಮಪಾತಳಿ ರೇಖೆ ಎಂದರೇನು?
3. ಹೇಮಾವತಿಯ ಅಣೆಕಟ್ಟು ಎಲ್ಲಿದೆ?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿ.
1. ಪದರು ಸವಕಳಿಯನ್ನು ಯಾವ ಯಾವ ಗುರುತುಗಳಿಂದ ಕಂಡುಹಿಡಿಯಬಹುದು?
2. ರೈತರು ಆಲೂಗಡ್ಡೆಯ ಸಾಲುಗಳನ್ನು ಇಳಿಜಾರಿನ ದಿಕ್ಕಿಗೆ ಇಡುವುದಕ್ಕೆ ಕಾರಣಗಳೇನು?
3. ಅಕ್ಕಡಿ ಪದ್ಧತಿಯಿಂದ ಆಗುವ ಪ್ರಯೋಜನಗಳಾವುವು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ಸವಕಳಿಯ ವಿವಿಧ ಹಂತಗಳನ್ನು ವಿವರಿಸಿ.
2. ‘ನೀರಿಗೆ ಸರ್ವೆ ನಂಬರಿನ ಎಲ್ಲೆ ತಿಳಿಯದು.’ ಈ ಮಾತನ್ನು ಸಮರ್ಥಿಸಿ.

ಈ) ಚಟುವಟಿಕೆ
ಎರಡು ತಟ್ಟೆಗಳಲ್ಲಿ ಸಮನಾಗಿ ಮಣ್ಣು ತುಂಬಿ, ಒಂದನ್ನು ಒಣಹುಲ್ಲಿನಿಂದ ಮುಚ್ಚಿ, ಎರಡನ್ನೂ ಒಂದೇ ಓರೆಯಲ್ಲಿ ಇಡಿ. ಎರಡರ ಮೇಲೂ ಒಂದೇ ಅಳತೆಯ ನೀರನ್ನು ಜರಡಿಯ ಮೂಲಕ ಸುರಿದು, ಹರಿದುಬಂದ ನೀರನ್ನು ಬೇರೆಬೇರೆ ಲೋಟಗಳಲ್ಲಿ ಹಿಡಿಯಿರಿ. ಎರಡು ಲೋಟಗಳ ತಳದಲ್ಲಿ ನಿಂತ ಮಣ್ಣನ್ನು ಹೋಲಿಸಿ, ಕಾರಣವನ್ನು ಬರೆಯಿರಿ.